ಹಿಂದಿನ ಸೀಟಿಗೆ ತಿರುಗಿದ ಕನ್ನಡಿ

ಮಾರ್ಚ್ 3

ಇವತ್ತೂ ತುಕ್ಕು ಕೆರೆದದ್ದೇ. ಕಾರಿನ ಎಡ ಬಾಗಿಲ ಕೆಳಗೆ ಬೆರಳು ತೂರುವಷ್ಟು ತೂತು. ಗ್ರೀಸಣ್ಣ ತಗಡಿಟ್ಟು ಬೆಸುಗೆ ಹಾಕಿದ. ಪಕ್ಕದ ಬೀದಿಯ ಗ್ಯಾರೇಜಿನವನು. ನಿಜವಾದ ಹೆಸರು ಅವನಿಗೂ ಮರೆತಿರಬೇಕು.

"ಯಾವ ಬಣ್ಣನಯ್ಯಾ ಇದಕ್ಕೆ? ಕಪ್ಪೇನಾ?"

"ಕೆಂಪು. ಇನ್ಮೇಲೆ ಇದು ಕಾರ್ಮಿಕ ಸಂಘದ ಕಾರು. ಮೇಲೆ ಮೈಕು ಕಟ್ತೀವಿ."

"ಬೆಂಕಿ ಆರಿಸೋರು ಅನ್ಕೊಂಡು ಜನ ದಾರಿ ಬಿಡ್ತಾರೆ. ಒಳ್ಳೇದೇ ಬಿಡು."

ನಕ್ಕೆ. ಅಪ್ಪ ಹೋದ ಮೇಲೆ ಇದೇ ಮೊದಲು.

ಮಾರ್ಚ್ 5

ಬಾನೆಟ್ ಉಜ್ಜುತ್ತಾ ಉಜ್ಜುತ್ತಾ ಸಿಟ್ಟು ಬಂತು. ಮಿಲ್ಲಿನ ಧಣಿ ವರ್ಷಗಟ್ಟಲೆ ಇದರಲ್ಲಿ ಕೂತ, ಅಪ್ಪ ಓಡಿಸಿದ. ಮಿಲ್ಲು ಮುಚ್ಚಿದಾಗ ಉಳಿದವರಿಗೆ ಬರಿಗೈ. ಅಪ್ಪನಿಗೆ ಈ ಕೆಟ್ಟು ನಿಂತ ಕಾರು. ಅದಕ್ಕೂ ಕೈ ಮುಗಿದ! ಶಾಲೆಯಲ್ಲಿ ಹುಡುಗರು "ಆಯ್ತು ಧಣಿ, ಆಗಲಿ ಧಣಿ" ಅಂತ ಅಪ್ಪನನ್ನು ಅಣಕಿಸುತ್ತಾ ನನ್ನ ಹಿಂದೆ ಬರುತ್ತಿದ್ದರು. ಆಮೇಲೆ ಒಂದು ಕರಪತ್ರ ಸಿಕ್ಕಿತು — 'ತಲೆ ಬಾಗುವುದು ಹುಟ್ಟುಗುಣವಲ್ಲ, ಕಲಿಸಿದ ಪಾಠ.' ಬದುಕಿದೆ ಅನ್ನಿಸಿತ್ತು ಅವತ್ತು.

ಮಾರ್ಚ್ 6

ಡ್ರೈವರ್ ಸೀಟಿನಲ್ಲಿ ಅಪ್ಪ ಕೂತೂ ಕೂತೂ ಆದ ತಗ್ಗು. ಕೂತೆ. ಅಳತೆ ಕೊಟ್ಟು ಹೊಲಿಸಿದ ಹಾಗೆ ಮೈ ಹಿಡಿಸಿತು. ತಟ್ಟನೆ ಎದ್ದೆ.

ಇನ್ನೊಂದು. ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣುವುದಿಲ್ಲ. ಹಿಂದಿನ ಸೀಟಿನ ಎಡ ಮೂಲೆ ಕಾಣುತ್ತೆ. ಅಮ್ಮನನ್ನು ಕೇಳಿದೆ.

"ಧಣಿಗಳು ಬಾಯಿ ಬಿಡ್ತಿರ್ಲಿಲ್ಲವಂತೆ. ನಿಲ್ಸು, ಹೋಗು, ಎಲ್ಲ ಕಣ್ಣಲ್ಲೇ. ನಿಮ್ಮಪ್ಪ ರಸ್ತೆಗಿಂತ ಹೆಚ್ಚು ಆ ಮುಖ ನೋಡಿದ್ರು ಕಣೋ."

ಕನ್ನಡಿ ರಸ್ತೆಗೆ ತಿರುಗಿಸಿ ಬಂದೆ.

ಮಾರ್ಚ್ 7

ಸೀಟಿಗೆ ಕೂತು ನೋಡಿದರೆ — ಕನ್ನಡಿಯಲ್ಲಿ ಮತ್ತೆ ಅದೇ ಮೂಲೆ. ಕಾರು ನಿಲ್ಲಿಸಿದ ಶೆಡ್ಡಿನ ಬೀಗದ ಕೈ ನನ್ನ ಹತ್ತಿರವೇ ಇದೆ.

ಮಾರ್ಚ್ 9

ಕನ್ನಡಿಯ ಸ್ಕ್ರೂ ಬಿಗಿದಿದ್ದೆ. ಮತ್ತೆ ತಿರುಗಿದೆ. ದೆವ್ವ ಭೂತವೆಲ್ಲ ಆಳುವವರ ಕಟ್ಟುಕತೆ ಅಂತ ಬೀದಿ ಬೀದಿಯಲ್ಲಿ ಭಾಷಣ ಮಾಡಿದವನು ನಾನು. ಆ ಶೆಡ್ಡಿಗೆ ಬೆನ್ನು ಹಾಕಿ ನಡೆಯುವುದಕ್ಕೆ ಆಗುತ್ತಿಲ್ಲ.

ಮಾರ್ಚ್ 19

ಇಷ್ಟು ದಿನ ಶೆಡ್ಡಿನ ಕಡೆ ಹೋಗಲಿಲ್ಲ. ಅಮ್ಮ ಚುಚ್ಚಿದಳು: "ಅರ್ಧಕ್ಕೇ ಬಿಟ್ಯಾ? ನಿನ್ನ ಕ್ರಾಂತಿನೂ ಇಷ್ಟೇನಾ?"

ಹೋದೆ. ಗ್ರೀಸಣ್ಣ ಕಾರ್ಬ್ಯುರೇಟರ್ ತೊಳೆದು ಕೂರಿಸಿ, ಬಂದು ಪಕ್ಕದಲ್ಲಿ ಕೂತ. ಕೀಲಿ ತಿರುಗಿಸಿದೆ. ಕೆಮ್ಮಿತು, ನಡುಗಿತು, ಹಿಡಿಯಿತು! ಅಷ್ಟರಲ್ಲಿ ಅವನು —

"ಏಯ್, ಕನ್ನಡಿ ಯಾಕೆ ತಿರುಗಿಸಿದೆ?"

"ಯಾರು?"

"ಇನ್ಯಾರು, ನೀನೇ ಪುಣ್ಯಾತ್ಮ! ನಾನು ಸರಿ ಮಾಡಿಟ್ಟಿದ್ದೆ. ಕೂತ ತಕ್ಷಣ ಕೈ ಎತ್ತಿ ಹಿಂದಕ್ಕೆ ತಿರುಗಿಸಿದ್ಯಲ್ಲೋ."

ನೋಡಿದೆ. ಕೈ ಇನ್ನೂ ಕನ್ನಡಿಯ ಮೇಲೇ ಇತ್ತು.

ಚಿಕ್ಕವನಿದ್ದಾಗ ಕಾರು ತೊಳೆಯುವ ದಿನ ಅಪ್ಪನ ತೊಡೆಯ ಮೇಲೆ ಕೂರುತ್ತಿದ್ದೆ, ಅಷ್ಟೇ. ಕೈ ಯಾವಾಗ ಕಲಿಯಿತು ಇದನ್ನ?

ಮಾರ್ಚ್ 20

ಕನ್ನಡಿ ಒಡೆಯಬೇಕು ಅನ್ನಿಸಿತು. ಒಡೆಯಲಿಲ್ಲ. ಒಡೆದರೂ ಕೈ ಉಳಿಯುತ್ತಲ್ಲ... ಇಷ್ಟು ತುಕ್ಕು ಕೆರೆದದ್ದೂ ಇದೇ ಕೈ. ಯಾವ ಕರಪತ್ರದಲ್ಲೂ ಇದಕ್ಕೆ ದಾರಿ ಬರೆದಿಲ್ಲ. ಇರಲಿ. ನನ್ನದೇ ಕೈ.

ಬಣ್ಣ ನಾಳೆ ಅಂದೆ. ಅಮ್ಮ, "ಮೊದಲು ನನ್ನ ಒಂದ್ಸಲ ಕೂರಿಸು. ಕಪ್ಪು ಇದ್ದಾಗಲೇ," ಅಂದಳು. ಅವಳು ಇದರಲ್ಲಿ ಕೂತೇ ಇಲ್ಲವಂತೆ!

ಮಾರ್ಚ್ 22, ಸಂಜೆ

ಅಮ್ಮ ಒಳ್ಳೆಯ ಸೀರೆ ಉಟ್ಟಿದ್ದಳು. ಮುಂದೆ ಬಾ ಅಂದರೂ ಕೇಳದೆ ಹಿಂದೆ ಕೂತಳು. ಹೊರಟೆವು. ಮಿಲ್ಲಿನ ಮುಚ್ಚಿದ ಗೇಟಿನ ಹತ್ತಿರ, "ಇಲ್ಲಿ," ಅಂದಳು.

ಹೇಗೆ ಇಳಿದೆನೋ ಗೊತ್ತಿಲ್ಲ. ಓಡಿ ಬಂದು ಹಿಂದಿನ ಬಾಗಿಲು ತೆಗೆದು ನಿಂತಿದ್ದೆ. ಬೆನ್ನು ಬಾಗಿತ್ತು.

ಅಮ್ಮ ಇಳಿಯಲಿಲ್ಲ. ನೋಡುತ್ತಿದ್ದಳು. ನನ್ನನ್ನಲ್ಲ.

"ಜನ್ಮವಿಡೀ ಅವರಿಗೆ ಬಾಗಿಲು ತೆಗೆದ್ರಿ. ನನಗೆ ಇವತ್ತು ತೆಗೆದ್ರಲ್ಲ ನೀವು..."

"ಅಮ್ಮಾ, ಇದು ನಾನು," ಅನ್ನಬೇಕಿತ್ತು. ಬೆನ್ನು ನೆಟ್ಟಗೆ ಮಾಡಬೇಕಿತ್ತು. ಮಾಡಲಿಲ್ಲ. ಕೈ ಚಾಚಿದೆ.

"ತಡವಾಯ್ತು ಕಣೇ," ಅಂದೆ.

ಅಮ್ಮ ಕೈ ಹಿಡಿದು ಇಳಿದಳು. ಆಮೇಲೆ, ಗೇಟಿನ ಕಡೆ ತಿರುಗಿ, "ಅಲ್ಲಿ ಯಾರೂ ಇಲ್ಲ ಈಗ, ಬೆನ್ನು ನೆಟ್ಟಗೆ ಮಾಡಿ," ಅಂದಳು.