ಬಾಗಿಲ ಕೆಳಗಿನ ಸಂದು

ಅಕ್ಕಾ,

‘ಮೇಲಿನ ಮನೆಯವರಿಗೆ’ ಎಂದು ಶುರುವಾಗುವ ಚೀಟಿಯಲ್ಲ ಇದು. ಅವುಗಳಲ್ಲಿ ನೀರು ಬಂತು, ಮೋಟಾರ್ ನಿಲ್ಲಿಸಿ ಎಂದಷ್ಟೇ ಬರೆದು ನಿನ್ನ ಬಾಗಿಲ ಕೆಳಗೆ ತೂರಿಸಿ ಬರುತ್ತಿದ್ದೆ. ಮಾತು ಬಿಟ್ಟ ಮೇಲೆ ನಮ್ಮಿಬ್ಬರ ವ್ಯವಹಾರವೆಲ್ಲ ನಡೆದದ್ದು ಆ ಸಂದಿನಲ್ಲೇ. ಇದನ್ನು ಮಾತ್ರ ಪೂರ್ತಿ ಓದು.

ಬೆಳಿಗ್ಗೆ ಹೊಲಿಗೆ ಯಂತ್ರದಿಂದ ಬಿದ್ದ ದಾರದ ಉಂಡೆ ತಾನಾಗಿ ಉರುಳಿ ಇಳಿಜಾರಿನ ಕಡೆಯ ಗೋಡೆಗೆ ತಾಗಿ ನಿಂತಿತು. ಎತ್ತಿ ತಂದಿಟ್ಟೆ. ಮತ್ತೆ ಅಲ್ಲಿಗೇ ಹೋಯಿತು. ರಸ್ತೆ ಅಗಲ ಮಾಡಲು ಗುಡ್ಡದ ಬುಡ ಕಡಿದಾಗಿನಿಂದ ಆ ಗೋಡೆಯಲ್ಲಿ ಬಿರುಕಿತ್ತಲ್ಲ, ಅದು ಬೆಳೆಯುತ್ತದೋ ನೋಡಲು ಸರ್ಕಾರದ ಇಂಜಿನಿಯರ್ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿದ್ದ. ಗಾಜು ಎರಡು ತುಂಡಾಗಿದೆ. ಬಿರುಕಿನೊಳಗೆ ನನ್ನ ಕತ್ತರಿ ಹೋಗುತ್ತದೆ. ಪಕ್ಕದ ಮನೆ ಕುಸಿದ ಸದ್ದು ನಿನಗೂ ಕೇಳಿರಬೇಕು. ಅವರು ಮೊದಲೇ ಮನೆ ಬಿಟ್ಟು ಇಳಿದಿದ್ದರು, ಬದುಕಿದರು.

ಮನೆ ಖಾಲಿ ಮಾಡಿ ಎಂದು ಇಂಜಿನಿಯರ್ ನಿನ್ನ ಬಾಗಿಲು ತಟ್ಟಿದಾಗ ನೀನು ಒಳಗಿಂದಲೇ ಹೇಳಿದ್ದು ಕೇಳಿಸಿತು. "ತಳಪಾಯ ತಡೆಯಲ್ಲ ಅಂತ ಅವಳೇ ಹೇಳ್ಕೊಟ್ಟಿರ್ತಾಳೆ ನಿಮಗೆ. ಮೊದಲು ಅವಳು ಖಾಲಿ ಮಾಡ್ಲಿ." ಪಾಪ, ಆತ ನನ್ನ ಮುಖ ನೋಡಿದ.

ನೀನು ಮಹಡಿ ಕಟ್ಟಿಸುವಾಗ ನಾನು ಅಂದದ್ದೂ ಇದೇ ಮಾತು, ಅಪ್ಪ ಹಾಕಿಸಿದ ತಳಪಾಯ ಒಂದೇ ಅಂತಸ್ತಿಗೆ ಎಂದು. "ನಿಂಗೆ ಹೊಟ್ಟೆಕಿಚ್ಚು" ಅಂದೆ ನೀನು. ಅಂದಿನಿಂದ ಎಣ್ಣೆ ಸೀಗೆಕಾಯಿಯಾದೆವು. ಈಗ ಯಾರು ತಳಪಾಯ ಎಂದರೂ ನಿನಗೆ ನನ್ನ ದನಿಯೇ ಕೇಳುತ್ತದೆ. ಹೋಗಲಿ, ನೀನೇ ಗೆದ್ದೆ. ನಿನ್ನ ಮೊಲಕ್ಕೆ ಮೂರೇ ಕಾಲು, ಒಪ್ಪಿದೆ. ಆ ಮೊಲವನ್ನು ಎತ್ತಿಕೊಂಡು ಇಳಿದು ಬಾ.

ನನಗೆ ತುಂಬಾ ಭಯವಾಗುತ್ತಿದೆ ಅಕ್ಕ. ನೀನು ಇಳಿಯದೆ ನಾನೂ ಇಳಿಯುವುದಿಲ್ಲ. ಮೆಟ್ಟಿಲ ಮೇಲೆ ಕೂತಿರುತ್ತೇನೆ. ಬೆದರಿಕೆ ಅಂತಲೇ ತಿಳಿದುಕೋ.

ಇದಿಷ್ಟು ಬೆಳಿಗ್ಗೆ ಬರೆದದ್ದು. ಈಗ ಸಂಜೆ, ನಮ್ಮನ್ನೆಲ್ಲ ಇಳಿಸಿರುವ ಶಾಲೆಯಲ್ಲಿ ಕೂತು ಮುಗಿಸುತ್ತಿದ್ದೇನೆ. ಕಾಗದ ತೂರಲೇ ಇಲ್ಲ. ನಿನ್ನ ಬಾಗಿಲು ಕುಸಿದು ಹೊಸ್ತಿಲ ಮೇಲೆ ಕೂತು ಸಂದು ಮುಚ್ಚಿತ್ತು. ಒಳಗೆ ಚಿಲಕ ಜಗ್ಗುವ ಸದ್ದು. ಎಷ್ಟು ಹೊತ್ತಿನಿಂದ ಜಗ್ಗುತ್ತಿದ್ದೆಯೋ, ಒಂದು ಸಲ ನನ್ನನ್ನು ಕೂಗಬಾರದಿತ್ತೇ? ನಾನೇ ಕೂಗಿದೆ. ಇಷ್ಟು ವರ್ಷಗಳ ಮೇಲೆ ನೀನು ಆಡಿದ ಮೊದಲ ಮಾತು, "ಬಾಗಿಲು ಬರ್ತಿಲ್ಲ ಕಣೇ. ನೀನು ಇಳಿದು ಹೋಗು."

ಹೋಗಲಿಲ್ಲ. ಇಂಜಿನಿಯರ್ ಹಾರೆ ತಂದು ಬಾಗಿಲು ಕಿತ್ತ. ನಾವು ರಸ್ತೆ ದಾಟುವಷ್ಟರಲ್ಲಿ ಹಿಂದೆ ಮನೆ ಇರಲಿಲ್ಲ.

ಈಗ ನೀನು ನನಗೆ ಬೆನ್ನು ಮಾಡಿ ಮಲಗಿದ್ದೀಯ. ಮತ್ತೆ ಮಾತಿಲ್ಲ. ನಿನ್ನ ತಲೆದಿಂಬಿನ ಕೆಳಗೆ ಸಂದಿದೆ, ಅಲ್ಲಿ ತೂರಿಸುತ್ತೇನೆ.

ನೂರು ವರ್ಷ ಬಾಳು. ಬೇಕಾದರೆ ಮಾತು ಬಿಟ್ಟುಕೊಂಡೇ ಬಾಳು.

ನಿನ್ನ ತಂಗಿ,
ಕೆಳಗಿನ ಮನೆಯವಳು