ದನದ ಡಾಕ್ಟರ ಮನೆಯ ಕೈಗುಣ

ಮಾನ್ವಿ
೫ ಜೂನ್ ೨೦೨೫, ಗುರುವಾರ

ಪ್ರೀತಿಯ ಮೊಮ್ಮಗಳು ಸ್ವಪ್ನಾಳಿಗೆ ನಿನ್ನ ತಾತನ ಆಶೀರ್ವಾದ.

ಹೇಗಿದ್ದೀಯವ್ವಾ? ಬೀದರಿನ ಮೆಸ್ಸಿನ ಊಟ ಇನ್ನೂ ಸಪ್ಪಗೇ ಇದೆಯೋ? ರೊಟ್ಟಿಗೆ ಹಚ್ಚಿಕೊಳ್ಳಲಿ ಅಂತ ನಾನು ಕಟ್ಟಿಸಿ ಕಳಿಸಿದ ಶೇಂಗಾ ಹಿಂಡಿ ಗೆಳತಿಯರ ಪಾಲಾಗಿ, ನೀನು ಬಾಯಿ ಚಪ್ಪರಿಸುತ್ತ ಕೂತಿರಬೇಕು. ನನ್ನ ಮಂಡಿನೋವು ಇದ್ದಂತೆ ಇದೆ, ಕಿವಿ ಮಾತ್ರ ಪೂರಾ ಕೈಕೊಟ್ಟಿದೆ. ನೀನು ಫೋನಿನಲ್ಲಿ ಹೇಳಿದ್ದನ್ನೆಲ್ಲ ನಿಮ್ಮಪ್ಪನೇ ನನ್ನ ಕಿವಿಯಲ್ಲಿ ಕೂಗಿ ಹೇಳಬೇಕು. ಈಗ ಮಾತಾಡಬೇಕಾಗಿರುವುದು ಅವನ ವಿಷಯವೇ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ಬಿಸ್ಮಿಲ್ಲಾ ಬೀಯ ಎಮ್ಮೆ ಸತ್ತದ್ದು ನಿನಗೆ ಗೊತ್ತು. ಏಕೆ ಸತ್ತಿತೆಂದು ನಿಮ್ಮಪ್ಪ ಹೇಳಿರಲಿಕ್ಕಿಲ್ಲ. ಬಸವ ಜಯಂತಿ ಮುಗಿದ ಮೇಲೆ ಅದು ಮೇವು ಬಿಟ್ಟು ಜೊಲ್ಲು ಸುರಿಸುತ್ತ ನಿಂತಿತ್ತು. ಹಿಂದಿನ ಓಣಿಯವಳು, ದಿನಾ ನಮಗೆ ಹಾಲು ಹಾಕುವವಳು, ನಮ್ಮ ಮನೆಯ ಕೈಗುಣ ನಂಬಿ ಓಡಿ ಬಂದಳು. ಇಲ್ಲಿಯ ರೂಢಿ ನಿನಗೆ ಹೊಸದೇನಲ್ಲ, ವಿರೂಪಣ್ಣ ಡಾಕ್ಟರ ವಂಶದವರು ಮುಟ್ಟಿದರೆ ದನ ಬದುಕುತ್ತದೆ ಅಂತ. ನಾನು ಜೀವಮಾನವೆಲ್ಲ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟವನು. ಆದರೂ ಕಾರಹುಣ್ಣಿಮೆಗೆ ಎತ್ತು ತಂದು ಬೆನ್ನು ಸವರ್ರಿ ಅಂದರೆ ಸವರಿ ಕಳಿಸುತ್ತಿದ್ದೆ. ನಿಮ್ಮಪ್ಪ ಅಮರೇಶನಿಗೆ ಬೆನ್ನು ಸಾಲಲಿಲ್ಲ. ಗೊಬ್ಬರದ ಅಂಗಡಿ ಬಿಟ್ಟು ಹೋಗಿ, ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಮೊಣಕೈತನಕ ಬಾಯೊಳಗೆ ಕೈ ಹಾಕಿದ. ಬೆರಳಿಗೆ ಚೀಲ ಕೊಯ್ಯುವಾಗ ಆದ ಹಸಿ ಗಾಯವಿತ್ತು. ಎಮ್ಮೆ ಸತ್ತ ಮೇಲೆ ಸರಕಾರಿ ದನದ ಡಾಕ್ಟರು ಬಂದು, ಇದಕ್ಕೆ ಹುಚ್ಚುನಾಯಿ ಕಡಿದಿದೆ, ಮುಟ್ಟಿದವರೆಲ್ಲ ಸೂಜಿ ಹಾಕಿಸಿಕೊಳ್ಳಿ ಅಂದರು. ಬಿಸ್ಮಿಲ್ಲಾ ಬೀ ಮನೆಮಂದಿಯನ್ನೆಲ್ಲ ರಾಯಚೂರಿಗೆ ಕರೆದೊಯ್ದು ಹಾಕಿಸಿದಳು. ನಿಮ್ಮಪ್ಪ ಹೋಗಲಿಲ್ಲ.

ಹೋದ ಸಲ ಬಂದಾಗ ಮುತ್ತಾತನ ಕಥೆ ಬರೆದು ಕೊಡು ಅಂದಿದ್ದೆಯಲ್ಲ, ಇದೇ ಆ ಕಥೆ, ಬೇರೆ ಇಲ್ಲ. ನಮ್ಮಪ್ಪ ವಿರೂಪಣ್ಣ ನಿಜಾಮರ ಕಾಲಕ್ಕೆ ಹೈದರಾಬಾದಿನಲ್ಲಿ ಕಲಿತು, ದೇವದುರ್ಗದಲ್ಲಿ ದನದ ಡಾಕ್ಟರಾದವರು. ಸೈಕಲ್ ಮೇಲೆ ಹಳ್ಳಿ ಹಳ್ಳಿ ಸುತ್ತುತ್ತಿದ್ದರು. ಅವರ ಕೈ ಸಣ್ಣದು, ಬೆರಳು ಉದ್ದ. ಎತ್ತಿನ ಗಂಟಲಲ್ಲಿ ಸಿಕ್ಕ ಮಾವಿನ ಗೊರಟೆಯನ್ನು ಹರಳೆಣ್ಣೆ ಸವರಿದ ಕೈಯಿಂದ ಮೆಲ್ಲಗೆ ತೆಗೆದು, ಮಗುವಿಗೆ ಮಾಡಿದಂತೆ ಅದರ ಗದ್ದ ತುರಿಸುತ್ತಿದ್ದರು. ಹಾಗೆಯೇ ಒಂದು ಎತ್ತಿನ ಬಾಯಿಗೆ ಕೈ ಹಾಕಿದರು, ಗೊರಟೆ ಸಿಗಲಿಲ್ಲ. ಕೆಲವು ವಾರ ಕಳೆದು ಮಲಗಿದರು. ನಾನಾಗ ಮೂರನೇ ಕ್ಲಾಸು. ಅವ್ವ ನನ್ನ ಕೈಯಲ್ಲಿ ನೀರಿನ ಚೆಂಬು ಕೊಟ್ಟು ಕಳಿಸಿದಳು. ನೀರು ಕಂಡದ್ದೇ ತಡ, ಗೋಡೆಗೆ ಸರಿದು, ಕತ್ತಿನ ನರ ಬಿಗಿದು, "ನೀರು ಒಯ್ಯೋ ಮಗನ, ನನ್ನ ಮುಂದ ತರಬ್ಯಾಡ" ಅಂದರು. ನನ್ನ ಜೊತೆ ಅವರು ಆಡಿದ ಕಡೆಯ ಮಾತು ಅದು. ಆ ಎತ್ತಿಗೂ ಹುಚ್ಚುನಾಯಿ ಕಡಿದಿತ್ತು. ಊರವರು ಮಾತ್ರ ಜ್ವರ ಅಂದರು, ಅವರನ್ನು ಹೂಳಿದಲ್ಲಿ ಗದ್ದುಗೆ ಕಟ್ಟಿದರು. ಇವತ್ತಿಗೂ ಬೇನೆ ಬಂದ ದನವನ್ನು ಅದರ ಸುತ್ತ ತಿರುಗಿಸಿಕೊಂಡು ಹೋಗುತ್ತಾರೆ.

ಇದನ್ನು ನಿಮ್ಮಪ್ಪನಿಗೆ ಸಣ್ಣವನಿದ್ದಾಗಿನಿಂದ ಹೇಳುತ್ತ ಬಂದಿದ್ದೇನೆ. ಈಗಲೂ ಕೈ ಹಿಡಿದು ಹೇಳಿದೆ, ಬೈದೆ, ಅತ್ತೂಬಿಟ್ಟೆ. ದೇವದುರ್ಗದ ಮಂದಿಯೆಲ್ಲ ಸುಳ್ಳು, ನೀನೊಬ್ಬನೇ ಖರೇನಾ ಅಂತ ನಗುತ್ತಾನೆ. ಬಿಸ್ಮಿಲ್ಲಾ ಬೀ ನಾನೇ ಕರೆದು ತಪ್ಪು ಮಾಡಿದೆ ಎಂದು ಸೆರಗೊಡ್ಡಿ ಬೇಡಿದಳು. ಅವಳೆದುರಿಗೇ ನನಗೆ ಅಂದ, "ಈ ಮನಿ ಕೈಗೆ ಸೂಜಿ ಬಿತ್ತಂದ್ರ ಕಾರಹುಣ್ಣಿಮಿಗೆ ಎತ್ತು ಯಾರು ನಮ್ಮ ಬಾಗಲಿಗೆ ತರ್ತಾರ ಯಪ್ಪಾ?" ಹುಣ್ಣಿಮೆ ಮುಗಿಯಲಿ, ನೋಡೋಣ ಅನ್ನುತ್ತಾನೆ. ನಿಮ್ಮಮ್ಮ ಬದುಕಿದ್ದರೆ ಕಿವಿ ಹಿಂಡಿ ಕರೆದೊಯ್ಯುತ್ತಿದ್ದಳು. ಐವತ್ತರ ಮಗನನ್ನು ರಟ್ಟೆ ಹಿಡಿದು ಬಸ್ಸು ಹತ್ತಿಸುವ ಶಕ್ತಿ ನನಗೆಲ್ಲಿದೆ ತಾಯಿ? ನನ್ನ ಕೈಲಾಗುವುದು ಇಷ್ಟೇ. ಬೆಳಿಗ್ಗೆ ಎದ್ದಕೂಡಲೇ ಅವನಿಗೆ ಒಂದು ಚೆಂಬು ನೀರು ಕೊಟ್ಟು, ಕುಡಿಯುವತನಕ ಎದುರಿಗೇ ನಿಲ್ಲುತ್ತೇನೆ. ಗಟಗಟ ಕುಡಿದು, ಮೀಸೆ ಒರೆಸಿಕೊಂಡು, ಸಮಾಧಾನ ಆಯ್ತೇನ್ರಿ ಮಾಸ್ತರ ಅಂತ ಚೇಷ್ಟೆ ಮಾಡುತ್ತಾನೆ. ಆಮೇಲೆ ನಾನು ಚಹಾ ಕುಡಿಯುತ್ತೇನೆ.

ದನದ ಡಾಕ್ಟರ ಕಾಲೇಜು ಸೇರಿದಾಗ, ದನ ಮುಟ್ಟುವ ಮೊದಲೇ ನಿಮಗೆಲ್ಲ ಈ ಸೂಜಿ ಹಾಕಿದರು ಅಂದಿದ್ದೆ. ಅದನ್ನು ನಿಮ್ಮಪ್ಪನ ಮುಂದೆ ಕೂತು ನೀನೇ ಹೇಳು. ಡಾಕ್ಟರ ಕೈ ಇನ್ನು ಮೇಲೆ ಈ ಮನೆಯಲ್ಲಿ ನಿನ್ನದೇ. ಆ ಕೈಗೇ ಸೂಜಿ ಬಿದ್ದಿದೆ ಎಂದು ತಿಳಿದರೆ ಅವನ ಹಟ ಇಳಿದೀತು. ನನ್ನ ಮಾತಂತೂ ನಡೆಯಲಿಲ್ಲ. ಪರೀಕ್ಷೆ ಮುಗಿಸಿ ಕಾರಹುಣ್ಣಿಮೆಯೊಳಗೆ ಬಾ. ನನ್ನ ಶೇಂಗಾ ಹಿಂಡಿ ತಿಂದ ಗೆಳತಿಯರಿಗೂ ಆಶೀರ್ವಾದ ಹೇಳು. ಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಾತ,
ಪಂಪಾಪತಿ ಮಾಸ್ತರ

ತಾ.ಕ.: ಮೇಲಿನದೆಲ್ಲ ನಿನ್ನೆ ಬರೆದದ್ದು. ಅಂಚೆಗೆ ಹಾಕುತ್ತಿಲ್ಲ. ಬಿಸ್ಮಿಲ್ಲಾ ಬೀಯ ಮಗ ಅಲ್ತಾಫ್ ಅಕ್ಕಿ ಲಾರಿ ತೆಗೆದುಕೊಂಡು ಬೀದರಿಗೆ ಹೊರಟಿದ್ದಾನೆ, ಬಾಗಿಲಲ್ಲೇ ನಿಂತಿದ್ದಾನೆ, ಅವನ ಕೈಯಲ್ಲಿ ಕೊಡುತ್ತಿದ್ದೇನೆ. ಇವತ್ತು ಬೆಳಿಗ್ಗೆ ನಿಮ್ಮಪ್ಪ ಚೆಂಬು ಇಸಿದುಕೊಂಡು, ಕುಡಿಯದೆ ಕಟ್ಟೆಯ ಮೇಲಿಟ್ಟ. ಅಂಗಡಿಯ ಹತ್ತಿರ ಈಗಷ್ಟೇ ಚಹಾ ಆಯಿತು ಅಂದ. ಆಗಿರಬಹುದು. ಪರೀಕ್ಷೆ ಬಿಡು, ಅದೇ ಲಾರಿಯಲ್ಲಿ ಬಾ. ನಾನಿನ್ನೂ ಚಹಾ ಕುಡಿದಿಲ್ಲ.