ಒಳಮಡಿಕೆ ಬಿಡದ ತೊಟ್ಟಿ

ಮನೆಯಿಂದ, ನಾಲ್ಕನೇ ಮಹಡಿ
ಹದಿನೇಳನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಕಂದಾ,

ತಲೆ ನರೆಯುವ ವಯಸ್ಸಿಗೆ ಬಂದವನನ್ನು ಇನ್ನೂ ಕಂದ ಅಂತಾಳೆ ಅಂತ ನಗಬೇಡ, ಕಾಗದ ನನ್ನದು, ನನಗೆ ತೋಚಿದಂತೆ ಕರೆಯುತ್ತೇನೆ. ಹೇಗಿದ್ದೀಯಪ್ಪ? ಮೊಣಕೈ ನೋವು ಅಂದಿದ್ದೆಯಲ್ಲ, ಅದಕ್ಕೆ ಎಣ್ಣೆ ತಿಕ್ಕುತ್ತಿದ್ದೀಯೋ, ಇಲ್ಲ ಹಡಗಿನ ಯಂತ್ರಕ್ಕೆ ಮಾತ್ರ ತಿಕ್ಕುತ್ತೀಯೋ? ನಿನ್ನ ಮೇಲಿನ ಮಂಚದಲ್ಲಿ ಮಲಗುವ ಗೊರಕೆ ಮಾವ ಹೇಗಿದ್ದಾರೆ? ಅಡುಗೆಯವರ ಸುಟ್ಟ ಕೈ ಮಾಯಿತೇ? ಆ ಹೊಸ ಹುಡುಗ, ಅದೇ ವಾಂತಿರಾಯ, ಈಗಲಾದರೂ ಊಟ ಹೊಟ್ಟೆಯಲ್ಲಿ ಉಳಿಸಿಕೊಳ್ಳುತ್ತಾನೋ ಇಲ್ಲವೋ? ಎಲ್ಲರನ್ನೂ ಕೇಳಿದೆ ಅಂತ ಹೇಳು.

ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಬಲಗಾಲಿನ ಮಂಡಿ ಮಾತ್ರ ನನ್ನ ಮಾತು ಕೇಳುವುದನ್ನು ಬಿಟ್ಟಿದೆ. ಲಿಫ್ಟು ಇನ್ನೂ ಕೆಟ್ಟೇ ಇದೆ. ‘ಶೀಘ್ರದಲ್ಲೇ ಸರಿಪಡಿಸಲಾಗುವುದು’ ಅಂತ ಅಂಟಿಸಿದ ಚೀಟಿ ಹಳದಿಯಾಗಿ ಮೂಲೆಯಲ್ಲಿ ಸುರುಳಿ ಸುತ್ತಿಕೊಂಡಿದೆಯಂತೆ. ಅಂತೆ ಯಾಕೆ ಅಂದರೆ ನಾನದನ್ನು ನೋಡಿ ತಿಂಗಳುಗಳಾದವು. ಚಪ್ಪಲಿ ಬಾಗಿಲ ಹತ್ತಿರ ಹಾಗೇ ಕೂತಿದೆ, ನಿನ್ನ ಹೆಂಡತಿ ವಾರಕ್ಕೊಮ್ಮೆ ಅದರ ಧೂಳು ಒರೆಸುತ್ತಾಳೆ. ನನಗೆ ಈ ಎರಡು ಕೋಣೆ, ಹೊಲಿಗೆ ಯಂತ್ರ, ಎದುರು ಕಟ್ಟಡದ ಗೋಡೆ ಕಾಣುವ ಒಂದು ಕಿಟಕಿ, ಮತ್ತೆ ನೀನು ತಂದಿಟ್ಟು ಹೋದ ಮೀನಿನ ತೊಟ್ಟಿ. ಅವಳು ಬೆಳಿಗ್ಗೆ ಕನ್ನಡಕದಂಗಡಿಗೆ ಹೋಗಿ ದಿನವಿಡೀ ಗಾಜು ಉಜ್ಜಿ ಸಂಜೆ ಬರುತ್ತಾಳೆ. ಅಂಗಡಿಯವರು ಇನ್ನೊಂದು ಊರಿನಲ್ಲಿ ಹೊಸ ಅಂಗಡಿ ತೆರೆಯುತ್ತಿರುವುದು, ಅದನ್ನು ನೀನೇ ನಡೆಸಮ್ಮ ಅಂತ ಇವಳನ್ನು ಕೇಳಿದ್ದು, ಇವಳು ಬೇಡ ಅಂದಿದ್ದು, ಎಲ್ಲಾ ನಿನಗೆ ಗೊತ್ತೇ ಇದೆ. ಈಗ ಬರೆಯಲು ಕೂತಿದ್ದು ಮೀನಿನ ವಿಷಯ.

ಹೋದ ರಜೆಯಲ್ಲಿ ನೀನು ಅವನ್ನು ತಂದ ದಿನ ನೆನಪಿದೆಯಾ? ಬೆಳ್ಳಿ ಮೈ, ಕಪ್ಪು ಅಂಚಿನ ರೆಕ್ಕೆ, ಕಿರುಬೆರಳಿನಷ್ಟುದ್ದ, ಮೂರು. ತೊಟ್ಟಿ ಎರಡಡಿ. ‘ನಾನಿಲ್ಲದಿದ್ದರೂ ಮನೆ ತುಂಬಿದ ಹಾಗಿರುತ್ತೆ ಅಮ್ಮ, ಅಲ್ಲಿ ಕಣ್ಣು ಮುಚ್ಚಿದರೆ ನನಗೆ ಇದೇ ಮನೆ ಕಾಣಬೇಕು, ನೀವಿಬ್ಬರೂ ಇದರ ಪಕ್ಕ ಕೂತಿರಬೇಕು’ ಅಂದೆ. ನೀನು ಹೋದಮೇಲೆ ನಾನೊಂದು ಕೆಲಸ ಹಚ್ಚಿಕೊಂಡೆ. ಅಳತೆ ಟೇಪನ್ನು ಗಾಜಿನ ಹೊರಗೆ ಅಂಟಿಸಿ, ಮೀನು ಅದರ ಮುಂದೆ ಬರುವತನಕ ಕಾದು, ಉದ್ದ ನೋಡುವುದು. ದರ್ಜಿಗೆ ಇನ್ನೇನು ಗೊತ್ತು ಹೇಳು. ಬೆಳೆದವು, ಬೆಳೆದವು, ಗೇಣುದ್ದಕ್ಕೆ ಬಂದು ನಿಂತವು. ನನಗೋ ಸಂತೋಷ, ತೊಟ್ಟಿಗೆ ಹೇಳಿ ಮಾಡಿಸಿದ ಅಳತೆಗೆ ಬಂತು ಅಂತ. ತೊಟ್ಟಿ ಎಷ್ಟಿದೆಯೋ ಅಷ್ಟೇ ಬೆಳೆಯುತ್ತವೆ ಅಂತ ನಿನಗೆ ಮಾರಿದವನು ಹೇಳಿದ್ದನಲ್ಲ, ನಿಜ ಹೇಳಿದ ಮಹಾರಾಯ ಅಂದುಕೊಂಡೆ.

ಆಮೇಲೆ ಅವು ಮೂತಿ ಗಾಜಿಗೆ ಬಡಿಯತೊಡಗಿದವು. ಮಧ್ಯಾಹ್ನ ಮನೆಯಲ್ಲಿ ಬೇರೆ ಸದ್ದಿಲ್ಲ ನೋಡು, ಟಕ್ ಅಂತ ಒಂದು, ಸ್ವಲ್ಪ ಹೊತ್ತಿಗೆ ಮತ್ತೊಂದು. ಯಂತ್ರದ ಪೆಡಲು ತುಳಿದು ಆ ಸದ್ದು ಮುಚ್ಚುತ್ತಿದ್ದೆ. ಒಂದರ ಮೂತಿ ಬೆಳ್ಳಗೆ ಹುಣ್ಣಾದಾಗ ನಿನ್ನ ಹೆಂಡತಿ ತನ್ನ ಕೆಲಸದ ದಾರಿಯಲ್ಲಿರುವ ಬೇರೊಂದು ಮೀನಿನಂಗಡಿಯ ಹೆಂಗಸನ್ನು ಕರೆತಂದಳು. ದಪ್ಪ ಹೆಂಗಸು, ನಾಲ್ಕು ಮಹಡಿ ಹತ್ತಿ ಬಂದವಳು ಮೊದಲು ನೀರು ಕೇಳಿದಳು, ಕುಡಿದಾದ ಮೇಲೆ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಲೊಚಗುಟ್ಟಿದಳು. ‘ಅಜ್ಜಿ, ಇದು ಬೆಳೆದು ನಿಂತಿದ್ದಲ್ಲ, ಸೊರಗಿ ನಿಂತಿದ್ದು’ ಅಂದಳು. ಇವು ಮುಕ್ಕಾಲು ಮೊಳ ಬೆಳೆಯುವ ಜಾತಿಯಂತೆ. ಜೊತೆಗಾರರೊಂದಿಗೆ ಉದ್ದಕ್ಕೂ ಓಡಬೇಕಂತೆ, ಆರಡಿ ತೊಟ್ಟಿಯೂ ಅವಕ್ಕೆ ಕಡಿಮೆಯೇ ಅಂತೆ. ಮೀನು ಕೊಳ್ಳುವಾಗ ಅಂಗಡಿಯಲ್ಲಿ ಎಷ್ಟುದ್ದ ಇದೆ ಅಂತ ನೋಡಬಾರದು, ದೊಡ್ಡದಾದರೆ ಎಷ್ಟುದ್ದ ಆಗುತ್ತೆ ಅಂತ ಕೇಳಬೇಕು, ಆ ಉದ್ದಕ್ಕೆ ತೊಟ್ಟಿ ನೋಡಬೇಕು, ತೊಟ್ಟಿ ಚಿಕ್ಕದಿದ್ದರೆ ಚಿಕ್ಕದಾಗೇ ಉಳಿಯುವ ಮೀನನ್ನು ಆರಿಸಬೇಕು ಅಂದಳು.

ನನಗೆ ನಾಚಿಕೆಯಾಯಿತು ಕಣೋ. ಶಾಲೆ ಮಕ್ಕಳ ಯೂನಿಫಾರಂ ಹೊಲಿದೇ ಕೈ ಸವೆಸಿದವಳು ನಾನು. ಒಳಮಡಿಕೆ ಬಿಡದೆ ಒಂದು ಅಂಗಿ ನನ್ನ ಕೈಯಿಂದ ಆಚೆ ಹೋಗಿಲ್ಲ. ಮಗು ಬೆಳೆದಂತೆ ಹೊಲಿಗೆ ಬಿಚ್ಚಿ ಇಳಿಸಿಕೊಂಡರೆ ಇನ್ನೊಂದು ವರ್ಷ ಬರುತ್ತದೆ. ‘ಏನಮ್ಮ ಇಷ್ಟು ದೊಗಳೆ’ ಅಂತ ಮೂಗು ಮುರಿಯುತ್ತಿದ್ದ ತಾಯಂದಿರಿಗೆ ‘ನಿಮ್ಮ ಮಗು ಹೀಗೇ ಉಳಿಯಬೇಕಾ’ ಅಂತ ಕೇಳುತ್ತಿದ್ದೆ. ಗಾಜಿಗೆಲ್ಲಿಯ ಒಳಮಡಿಕೆ?

ಮಾರಿದವನು ವಾಪಸು ತೆಗೆದುಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಆ ಹೆಂಗಸೇ ಒಬ್ಬ ಹಲ್ಲಿನ ಡಾಕ್ಟರನ್ನು ಹುಡುಕಿದಳು, ಕಾಯುವ ಕೋಣೆಯಲ್ಲಿ ಗೋಡೆಯುದ್ದಕ್ಕೂ ತೊಟ್ಟಿ ಕಟ್ಟಿಸಿದವರು. ನಿನ್ನ ಹೆಂಡತಿ ಎರಡು ಬಕೆಟ್ಟಿಗೆ ನೀರು ತುಂಬಿ, ಮೀನು ಬಿಟ್ಟು, ಮುಚ್ಚಳಕ್ಕೆ ಹಗ್ಗ ಬಿಗಿದು ಮೆಟ್ಟಿಲಿಳಿದಳು. ನಡುವೆ ಎಲ್ಲೋ ಮುಚ್ಚಳ ಸಡಿಲವಾಗಿ ಒಂದು ಹಾರಿ ಬಿತ್ತಂತೆ. ಟವೆಲು ಒದ್ದೆ ಮಾಡಿ ಹಿಡಿದಳಂತೆ, ಕೆಳಗಿನ ಮನೆಯಾತ ಬಾಗಿಲು ತೆರೆದು ‘ಮೀನು ಮೆಟ್ಟಿಲಿಳಿದು ಹೋಗ್ತಿದೆಯಾ, ಅದಕ್ಕೂ ಲಿಫ್ಟ್ ಇಲ್ವಾ’ ಅಂದನಂತೆ. ನಾನು ಕಿಟಕಿಯಲ್ಲಿ ತಲೆ ಹಾಕಿ ಕೂತಿದ್ದೆ. ಬಕೆಟ್ಟು ಹಿಡಿದು ಬೀದಿ ತಿರುವಿನತನಕ ಹೋದಳು, ಅಲ್ಲಿಂದಾಚೆ ನನ್ನ ಕಿಟಕಿಗೆ ಕಾಣುವುದಿಲ್ಲ.

ಈಗ ಹೇಳುವುದನ್ನು ಗಮನವಿಟ್ಟು ಓದು. ಅಷ್ಟುದ್ದದ ತೊಟ್ಟಿಗೆ ಬಿಟ್ಟರೂ ಅವು ಮೂರೂ ಒಂದು ಮೂಲೆಯಲ್ಲೇ ಉಳಿದವಂತೆ. ಎರಡಡಿ ಹೋಗುವುದು, ತಿರುಗುವುದು. ಮುಂದೆ ನೀರಿದೆ, ಗಾಜಿಲ್ಲ, ಆದರೂ ಅದೇ ಜಾಗಕ್ಕೆ ಬಂದು ತಿರುಗುವುದು. ಇವಳು ದಿನಾ ಕೆಲಸ ಮುಗಿಸಿ, ಹಲ್ಲುನೋವಿನವರ ನಡುವೆ ಕೂತು ಅದನ್ನು ನೋಡಿ ಬರುತ್ತಿದ್ದಳು. ಡಾಕ್ಟರು ‘ನಿಮ್ಮ ಹಲ್ಲಿಗೇನಾಗಿದೆ’ ಅಂತ ಕೇಳಿದರಂತೆ. ಮೊನ್ನೆ ಬಂದವಳು ಚಪ್ಪಲಿ ಬಿಡುವ ಮೊದಲೇ ‘ಅತ್ತೆ, ಹುಣ್ಣಾಗಿತ್ತಲ್ಲ, ಅದು ಆಚೆ ತುದಿ ಮುಟ್ಟಿ ಬಂತು’ ಅಂದಳು. ಊಟಕ್ಕೆ ಕೂತಾಗ ಮತ್ತೆ ಅದನ್ನೇ ಹೇಳಿದಳು. ಬಟ್ಟೆ ಮಡಚುತ್ತಾ ಇನ್ನೊಮ್ಮೆ ಹೇಳಿದಳು, ಹೇಳಿ ಅಂಗಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಹಾಗೇ ಕೂತುಬಿಟ್ಟಳು. ನಿನ್ನ ತೊಟ್ಟಿ ಹಾಗೇ ಇದೆ, ಬೇಸರ ಮಾಡಿಕೊಳ್ಳಬೇಡ. ಅದಕ್ಕೆ ಉಗುರುದ್ದದ ಕೆಂಪು ಮೀನು ಒಂದಷ್ಟು ತಂದು ಬಿಟ್ಟಿದ್ದೇವೆ, ಅವು ಎಂದಿಗೂ ಅಷ್ಟೇ ಇರುವಂಥವು. ಅವಕ್ಕೆ ಅದೇ ಮೈದಾನ.

ಹೊಟ್ಟೆ ತುಂಬ ಊಟ ಮಾಡು, ಒದ್ದೆ ಬಟ್ಟೆಯಲ್ಲಿ ಮಲಗಬೇಡ. ನನ್ನ ಕೈ ಇಲ್ಲಿಂದಲೇ ನಿನ್ನ ತಲೆಯ ಮೇಲಿದೆ.

ನಿನ್ನ
ಅಮ್ಮ

ಮರೆತ ಮಾತು: ಅವಳು ಹಾಲು ತರಲು ಹೋಗಿದ್ದಾಳೆ, ಬರುವುದರೊಳಗೆ ಬರೆದುಬಿಡುತ್ತೇನೆ. ಕನ್ನಡಕದವರ ಹೊಸ ಅಂಗಡಿಗೆ ಇನ್ನೂ ಯಾರನ್ನೂ ಗೊತ್ತು ಮಾಡಿಲ್ಲ. ಮುಂದಿನ ತಿಂಗಳ ಕೊನೆಯತನಕ ಕಾಯುತ್ತೇನೆ ಅಂತ ಅದರ ಯಜಮಾನರೇ ನನಗೆ ಫೋನಿನಲ್ಲಿ ಹೇಳಿದರು. ಅಂಗಡಿಯ ಹಿಂದೆ ಎರಡು ಕೋಣೆ ಕೊಡುತ್ತಾರೆ, ನೆಲಮಟ್ಟಕ್ಕೆ, ಒಂದೂ ಮೆಟ್ಟಿಲಿಲ್ಲ. ನಾನೂ ಹೋಗುತ್ತೇನೆ, ನನಗೂ ಚಪ್ಪಲಿ ಹಾಕಿಕೊಳ್ಳಬೇಕು. ನಿನ್ನೆ ಅವಳನ್ನು ಮತ್ತೆ ಕೇಳಿದೆ. ಹಿಂದೆಲ್ಲ ‘ನನಗೇ ಬೇಡ ಅತ್ತೆ’ ಅನ್ನುತ್ತಿದ್ದವಳು ಈ ಸಲ ‘ಅವರಿಗೆ ಈ ಮನೆಯೇ ಇರಬೇಕಲ್ಲ’ ಅಂದಳು. ನೀನು ಕಣ್ಣು ಮುಚ್ಚಿದಾಗ ಕಾಣುವ ಮನೆಯನ್ನು ಸ್ವಲ್ಪ ಬದಲಾಯಿಸಿಕೋ ಮಗನೇ, ನಾವಿಬ್ಬರೂ ಅದರಲ್ಲೂ ಇರುತ್ತೇವೆ. ಫೋನು ಮಾಡಬೇಡ, ಫೋನಿನಲ್ಲಿ ಅವಳು ಪರವಾಗಿಲ್ಲ ಬಿಡಿ ಅನ್ನುತ್ತಾಳೆ, ನೀನು ನಂಬಿಬಿಡುತ್ತೀ. ಕಾಗದ ಬರಿ, ನನಗಲ್ಲ, ಅವಳಿಗೆ. ‘ನಿನ್ನಿಷ್ಟ’ ಅಂತ ಬರೆದೀಯೆ ಮತ್ತೆ, ಆ ಮಾತು ಓದಿದರೆ ಅವಳು ಎರಡಡಿಗೇ ತಿರುಗಿಬಿಡುತ್ತಾಳೆ. ‘ಹೋಗು’ ಅಂತ ಬರಿ. ಮೆಟ್ಟಿಲಲ್ಲಿ ಅವಳ ಸದ್ದು ಕೇಳುತ್ತಿದೆ. ಮುಂದಿನ ಬಂದರಿನಲ್ಲೇ ಟಪಾಲಿಗೆ ಹಾಕು, ತಡ ಮಾಡಬೇಡ.